‘ಟೇಕ್’ ಶಬ್ದದ ದಾಸ್ಯ

ಕಳೆದ ತಿಂಗಳು ಹಾಸನದಲ್ಲಿ ನಡೆದ ಒಂದು ಸಣ್ಣ ಸಾಹಿತ್ಯಗೋಷ್ಠಿಯಲ್ಲಿ ವಿದ್ಯಾವಂತರಾದ ತರುಣರೊಬ್ಬರು ಇಂಗ್ಲಿಷು ಭಾಷೆಯ ಹಿರಿಮೆಯನ್ನು ಕುರಿತು ಉಪನ್ಯಾಸ ಮಾಡಿದರು. ಅವರ ವಾಗ್ಧಾಟಿ ಮೆಚ್ಚತಕ್ಕದ್ದಾಗಿತ್ತು. ಅವರು ಹೇಳಿದುದರ ಸಾರಾಂಶವಿಷ್ಟು: ಇಂಗ್ಲಿಷಿನಲ್ಲಿ ‘ಟೇಕ್’ ಎಂಬ ಕ್ರಿಯಾಪದವೊಂದುಂಟು, ನಾಲ್ಕೇ ಅಕ್ಷರದ ಆ ಶಬ್ದವು ಲೆಕ್ಕವಿಲ್ಲದಷ್ಟು ಅರ್ಥಗಳನ್ನು ಹೊತ್ತು ನಡೆಯುವುದು, ಕನ್ನಡದಲ್ಲಿ ಅಂಥ ಶಕ್ತಿಯುಳ್ಳ ಕ್ರಿಯಾಪದ ಇಲ್ಲ, ಆದುದರಿಂದ ಕನ್ನಡವು ಬಡಭಾಷೆ, ಇನ್ನು ಮುಂದೆ ಇಂಗ್ಲಿಷಿನಲ್ಲಿ ಯೋಚಿಸಿ ಕನ್ನಡದಲ್ಲಿ ಬರೆಯುವುದೇ ನಮಗುಳಿದ ಗತಿ. ಸಭೆಯಲ್ಲಿ ಚಪ್ಪಾಳೆಯಾಯಿತು. ಚಪ್ಪಾಳೆ ತಟ್ಟಿದವರಲ್ಲಿ ನನ್ನ ಹಳೆಯ ಶಿಷ್ಯರೂ ಕೆಲವರಿದ್ದರು. ನಾನು ಎದ್ದು ಎರಡು ಮಾತು ಹೇಳಬೇಕೆಂದಿದ್ದೆ; ಹೊತ್ತು ಮೀರಿತೆಂದು ಅಧ್ಯಕ್ಷರು ವಂದನಾರ್ಪಣೆಗೆ ಅಪ್ಪಣೆ ಕೊಟ್ಟುಬಿಟ್ಟರು. ಅಲ್ಲಿ ಹೇಳಲಾರದೆ ಉಳಿದುದನ್ನು ಇಲ್ಲಿ ವಾಚಕ ಮಹಾಶಯರ ಮುಂದೆ ನಿವೇದಿಸುತ್ತಿದ್ದೇನೆ.

ಮೊದಲೇ ಒಂದು ಮಾತನ್ನು ಸ್ಪಷ್ಟಪಡಿಸುತ್ತೇನೆ. ನಾನು ಇಂಗ್ಲಿಷಿನ ದ್ವೇಷಿಯಲ್ಲ. ಬಾಲ್ಯದಲ್ಲಿ ಸಂಸ್ಕೃತ ಪಾಠಶಾಲೆಯಲ್ಲಿ ಶಬ್ದ, ಧಾತು, ಸಮಾಸಗಳನ್ನು ಬಾಯಿಪಾಠ ಮಾಡಿದವನಾದರೂ, ಆಮೇಲೆ ಹೊಟ್ಟೆಪಾಡಿಗಾಗಿ ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣ ಈ ಮೂರು ತಾಲ್ಲೂಕುಗಳ ಶಾಲೆಗಳಲ್ಲಿ ಮೂರು ದಶಕಗಳಿಗೂ ಮೇಲ್ಪಟ್ಟು ಕನ್ನಡವನ್ನೂ, ಮೇಷ್ಟರುಗಳ ಅಭಾವವಿದ್ದಾಗ ಇಂಗ್ಲಿಷನ್ನೂ ಕಲಿಸಿದವನು. ಆ ಭಾಷೆಯ ಉಪ್ಪನ್ನು ನಾನೂ ತಿಂದಿದ್ದೇನೆ. ನನ್ನ ವಾದವು ಇಂಗ್ಲಿಷಿನ ‘ಟೇಕ್’ ಶಬ್ದದ ಮೇಲಲ್ಲ. ಆ ಶಬ್ದಕ್ಕೆ ನಾವು ಕನ್ನಡದಲ್ಲಿ ಕಟ್ಟಿಕೊಟ್ಟಿರುವ ಒಂದೇ ಗೂಟದ ಮೇಲೆ.

ಮೊದಲು ಪೂರ್ವಪಕ್ಷವನ್ನು ಪರೀಕ್ಷಿಸೋಣ. ಇಂಗ್ಲಿಷಿನ ಸಾಮಾನ್ಯ ಕ್ರಿಯಾಪದಗಳಿಗೆ ಬಹಳ ಅರ್ಥಗಳಿವೆ ಎಂಬುದು ನಿಜ. ಆಕ್ಸ್‌ಫರ್ಡಿನ ಮಹಾನಿಘಂಟಿನ 1989ರ ಎರಡನೆಯ ಮುದ್ರಣದಲ್ಲಿ ‘ಸೆಟ್’ ಎಂಬ ಕ್ರಿಯಾಪದಕ್ಕೆ 430ರಷ್ಟು ಅರ್ಥಚ್ಛಾಯೆಗಳನ್ನು ಕೊಟ್ಟಿದ್ದಾರೆ. ಅದೇ ನಿಘಂಟಿನ ಪರಿಷ್ಕರಣಕಾರ್ಯದಲ್ಲಿ ‘ರನ್’ ಎಂಬ ಕ್ರಿಯಾಪದದ ಅರ್ಥಗಳು 645ಕ್ಕೆ ಏರಿದುವೆಂದು 2011ರಲ್ಲಿ ಪ್ರಕಟವಾಯಿತು. ‘ಟೇಕ್’ ಕೂಡ ಇದೇ ಕುಲದ ದೊಡ್ಡ ಮನೆತನದ್ದು. ಇದನ್ನು ನೋಡಿ ಬೆರಗಾಗುವುದು ಸಹಜ. ಆದರೆ ಬೆರಗಾದವನು ತಿರುಗಿ ತನ್ನ ಮನೆಯ ಒಳಗನ್ನೂ ಒಮ್ಮೆ ನೋಡಬೇಕಷ್ಟೆ.

ಕ್ರಿಯಾಪದಕ್ಕೆ ಅನೇಕಾರ್ಥವಿರುವುದು ಇಂಗ್ಲಿಷಿನವರ ಸ್ವತ್ತಲ್ಲ. ಧಾತುಗಳು ಅನೇಕಾರ್ಥವುಳ್ಳವು ಎಂಬುದು ನಮ್ಮ ವೈಯಾಕರಣರು ಎಂದೋ ಒಪ್ಪಿದ ಮತ. ಸಂಸ್ಕೃತದಲ್ಲಿ ‘ಹೃ’ ಎಂಬ ಧಾತುವಿದೆ. ಕೊಂಡೊಯ್ಯುವುದು, ಅಪಹರಿಸುವುದು ಎಂಬುದು ಅದರ ಮೂಲಾರ್ಥ. ಇಂಗ್ಲಿಷಿನ ‘ಟೇಕ್’ಗೆ ಹತ್ತಿರದ ದಾಯಾದಿಯೆಂದರೂ ಸಲ್ಲುವುದು. ಅದರ ಹಿಂದೆ ಒಂದೊಂದು ಉಪಸರ್ಗ ಸೇರಿಸಿದಂತೆ ಆಹಾರ, ವಿಹಾರ, ಪ್ರಹಾರ, ಸಂಹಾರ, ಪರಿಹಾರ, ವ್ಯವಹಾರ, ಉದಾಹರಣ ಎಂದು ಬೇರೆ ಬೇರೆ ಲೋಕಗಳೇ ತೆರೆದುಕೊಳ್ಳುವುವು. ಇಂಗ್ಲಿಷಿನವರು ‘ಟೇಕ್’ನ ಮುಂದೆ ‘ಆಫ್’, ‘ಅಪ್’, ‘ಇನ್’, ‘ಓವರ್’ ಎಂದು ಸಣ್ಣ ಸಣ್ಣ ಶಬ್ದಗಳನ್ನು ಅಂಟಿಸಿ ಮಾಡುವ ಕೆಲಸವನ್ನೇ ಸಂಸ್ಕೃತದವರು ಹಿಂದೆ ಅಂಟಿಸಿ ಮಾಡಿದರು. ಈಗ ಪರದೇಶದ ಪಂಡಿತನೊಬ್ಬನು ‘ಹೃ’ ಧಾತುವಿಗೆ ತನ್ನ ಭಾಷೆಯ ಒಂದೇ ಶಬ್ದವನ್ನು ಗೊತ್ತುಮಾಡಿಕೊಂಡು ಆಹಾರಕ್ಕೂ ಸಂಹಾರಕ್ಕೂ ಅದನ್ನೇ ಬರೆದನೆಂದು ಭಾವಿಸಿ. ಅವನ ಮನೆಗೆ ಊಟಕ್ಕೆ ಹೋಗುವ ಧೈರ್ಯ ಯಾರಿಗಿದ್ದೀತು? ಆ ಪಂಡಿತನು ಕಲ್ಪಿತ. ಆದರೆ ನಾವು ನಿತ್ಯವೂ ‘ಟೇಕ್’ ವಿಷಯದಲ್ಲಿ ಮಾಡುತ್ತಿರುವುದು ಇದನ್ನೇ.

ಇನ್ನು ಕನ್ನಡ. ನಮ್ಮಲ್ಲಿ ಶಕ್ತಿಯುಳ್ಳ ಕ್ರಿಯಾಪದವಿಲ್ಲವೆಂದ ತರುಣ ಮಿತ್ರರು ‘ತೆಗೆ’ ಎಂಬ ಎರಡಕ್ಷರದ ಧಾತುವನ್ನು ಕೇಳಿಲ್ಲವೇ? ಬಾಗಿಲು ತೆಗೆಯುತ್ತೇವೆ, ಬಾವಿ ತೆಗೆಯುತ್ತೇವೆ, ಕಳೆ ತೆಗೆಯುತ್ತೇವೆ, ಬೆಳೆ ತೆಗೆಯುತ್ತೇವೆ. ಸಾಲ ತೆಗೆಯುತ್ತೇವೆ, ಆಮೇಲೆ ತಗಾದೆಗೆ ಬಂದವರ ಮೇಲೆ ಜಗಳ ತೆಗೆಯುತ್ತೇವೆ. ತಾಯಿ ಮಗಳಿಗೆ ಬೈತಲೆ ತೆಗೆಯುವಳು, ಮೊಮ್ಮಗುವಿಗೆ ದೃಷ್ಟಿ ತೆಗೆಯುವಳು. ಅತ್ತೆ ಸೊಸೆಯಲ್ಲಿ ತಪ್ಪು ತೆಗೆಯುವಳು. ಸೊಸೆ ಹಳೆಯ ಮಾತು ತೆಗೆಯುವಳು. ಹಟಹಿಡಿದ ಮಗು ರಾಗ ತೆಗೆಯುವುದು. ಕೊಲೆಗಾರ ಪ್ರಾಣ ತೆಗೆಯುವನು, ಚಾಡಿಕೋರ ಮಾನ ತೆಗೆಯುವನು, ಛಾಯಾಗ್ರಾಹಕ ಪಟ ತೆಗೆಯುವನು. ಇವುಗಳಲ್ಲಿ ಬಾಗಿಲಿನ ‘ತೆಗೆ’ಗೂ ಬಾವಿಯ ‘ತೆಗೆ’ಗೂ ಏನು ಸಂಬಂಧ? ಮುಚ್ಚಿದ್ದನ್ನು ಹೊರಕ್ಕೆ ತರುವುದೆಂಬ ಒಂದು ಎಳೆ ಎಲ್ಲದರ ಒಳಗೂ ಹರಿದಿದೆ. ಆ ಎಳೆಯನ್ನು ಹಿಡಿದೇ ನಮ್ಮ ಹಿರಿಯರು ಇಷ್ಟು ಅರ್ಥಗಳನ್ನು ನೇಯ್ದರು.

‘ಹಿಡಿ’ಯನ್ನು ನೋಡಿ. ಮಳೆ ಹಿಡಿಯುವುದು, ತುಕ್ಕು ಹಿಡಿಯುವುದು, ಹುಚ್ಚು ಹಿಡಿಯುವುದು, ಪೈರು ಬೇರು ಹಿಡಿಯುವುದು. ಪಾತ್ರೆ ಎರಡು ಸೇರು ಹಿಡಿಯುವುದು. ಕೆಲಸಕ್ಕೆ ನಾಲ್ಕು ದಿನ ಹಿಡಿಯುವುದು. ಹೊತ್ತಾದರೆ ಅರಕಲಗೂಡಿನ ಬಸ್ಸು ಹಿಡಿಯಲು ಓಡುತ್ತೇವೆ. ಹುಡುಗ ಚೆನ್ನಾಗಿದ್ದರೂ ಹುಡುಗಿಗೆ ಹಿಡಿಸುವುದಿಲ್ಲ. ಇಷ್ಟಿದ್ದೂ ನಮ್ಮದು ಬಡಭಾಷೆಯಂತೆ! ಫರ್ಡಿನಾಂಡ್ ಕಿಟ್ಟೆಲರು ಜರ್ಮನಿಯಿಂದ ಬಂದವರು. 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಅವರ ಕನ್ನಡ–ಇಂಗ್ಲಿಷು ನಿಘಂಟನ್ನು ತೆಗೆದು ‘ತೆಗೆ’, ‘ಹಿಡಿ’, ‘ಕೊಳ್’, ‘ಬೀಳ್’ ಎಂಬ ಶಬ್ದಗಳನ್ನು ನೋಡಿದರೆ, ಪರಭಾಷೆಯವರೊಬ್ಬರು ನಮ್ಮ ಧಾತುಗಳ ಮುಂದೆ ಎಷ್ಟು ತಾಳ್ಮೆಯಿಂದ ಕುಳಿತಿದ್ದರೆಂಬುದು ತಿಳಿಯುವುದು. ಹೊಯ್ಸಳರ ಕಾಲದ ಕೇಶಿರಾಜನು ತನ್ನ ಶಬ್ದಮಣಿದರ್ಪಣದಲ್ಲಿ ಧಾತುಗಳಿಗಾಗಿಯೇ ಒಂದು ಪ್ರಕರಣವನ್ನು ಮೀಸಲಿಟ್ಟನು. ಆ ಗ್ರಂಥವನ್ನು 1872ರಲ್ಲಿ ಅಚ್ಚಿಗೆ ಕೊಟ್ಟವರೂ ಈ ಕಿಟ್ಟೆಲರೇ. ಪರದೇಶದವರಿಗೆ ಕಂಡ ಸಂಪತ್ತು ಮನೆಯವರಿಗೆ ಕಾಣದಿದ್ದರೆ ದೋಷ ಸಂಪತ್ತಿನದಲ್ಲ.

ಇಂಗ್ಲಿಷಿನ ‘ಟೇಕ್’ ಆದರೂ ಇಂಗ್ಲಿಷಿನವರ ಮನೆಯಲ್ಲೇ ಹುಟ್ಟಿದ ಶಬ್ದವೇ? ಅಲ್ಲ. ಸುಮಾರು ಸಾವಿರ ವರ್ಷಗಳ ಹಿಂದೆ ಉತ್ತರದ ಸ್ಕಾಂಡಿನೇವಿಯದವರು ಸಮುದ್ರ ದಾಟಿ ಬಂದು ಆ ದ್ವೀಪದಲ್ಲಿ ನೆಲಸಿದಾಗ ಅವರ ಬಾಯಲ್ಲಿ ಬಂದ ಶಬ್ದವದು. ಅದಕ್ಕೆ ಮುಂಚೆ ಇಂಗ್ಲಿಷಿನವರು ಆ ಅರ್ಥಕ್ಕೆ ‘ನಿಮಾನ್’ ಎಂಬ ತಮ್ಮ ಶಬ್ದವನ್ನು ಬಳಸುತ್ತಿದ್ದರು. ಬಂದ ಅತಿಥಿ ಮನೆಯೊಡೆಯನನ್ನೇ ಹೊರಕ್ಕೆ ಹಾಕಿದನು. ‘ನಿಮಾನ್’ ಕ್ರಮೇಣ ಸತ್ತಿತು. ಅದರ ಎಲುಬಿನ ಚೂರೊಂದು ‘ನಂಬ್’ ಎಂಬ ಶಬ್ದದಲ್ಲಿ ಉಳಿದಿದೆ. ಕೈಕಾಲು ಮರಗಟ್ಟಿದಾಗ ಹೇಳುವ ಶಬ್ದ ಅದು. ಅದರ ಮೂಲಾರ್ಥ ‘ಹಿಡಿಯಲ್ಪಟ್ಟದ್ದು’. ನಾವೂ ‘ಕಾಲಿಗೆ ಜೋಮು ಹಿಡಿಯಿತು’ ಎನ್ನುತ್ತೇವಲ್ಲವೇ? ಎರಡು ಜನಾಂಗಗಳು ಒಬ್ಬರನ್ನೊಬ್ಬರು ಕೇಳದೆ ಒಂದೇ ಅನುಭವವನ್ನು ಒಂದೇ ಬಗೆಯಾಗಿ ಕಂಡುವು. ಭಾಷೆಗಳ ನಡುವಣ ನಿಜವಾದ ನಂಟು ಇಂಥದು. ಅದು ಅನುಭವದಲ್ಲಿ ಕೂಡುವುದು, ನಿಘಂಟಿನ ಪಟ್ಟಿಯಲ್ಲಿ ಕೂಡುವುದಿಲ್ಲ.

ಪ್ರಕೃತ ವಿಷಯಕ್ಕೆ ಬರೋಣ. ‘ಟೇಕ್’ಗೆ ನೂರು ಅರ್ಥವಿದ್ದರೆ ನಮಗೇನು ನಷ್ಟ? ಏನೂ ಇಲ್ಲ. ನಷ್ಟವಾದುದು ಎಲ್ಲಿ ಎಂದರೆ, ಆ ನೂರು ಅರ್ಥಗಳಿಗೂ ‘ತೆಗೆದುಕೊಳ್ಳು’ ಎಂಬ ಒಂದೇ ಶಬ್ದವನ್ನು ನಾವು ಆಳಾಗಿ ನೇಮಿಸಿದಲ್ಲಿ. ಈ ನೇಮಕವನ್ನು ಮಾಡಿದವರು ಯಾರು? ದೂರಕ್ಕೆ ಹೋಗಿ ಹುಡುಕಬೇಕಾದುದಿಲ್ಲ. ನಾನು ಮಾಡಿದೆ, ನನ್ನಂಥ ಸಹಸ್ರಾರು ಮೇಷ್ಟರುಗಳು ಮಾಡಿದರು. ಕರಿಹಲಗೆಯ ಮೇಲೆ ಒಂದು ಗೀಟು ಎಳೆದು, ಎಡಗಡೆ ‘ಟೇಕ್’, ಬಲಗಡೆ ‘ತೆಗೆದುಕೊಳ್ಳು’ ಎಂದು ಬರೆದು, ಹತ್ತು ಸಾರಿ ಕೂಗಿಸಿ, ತಪ್ಪಿದವನ ಕಿವಿ ಹಿಂಡಿದ್ದೇವೆ. ಮೊದಲು ಐದನೆಯ ತರಗತಿಯಲ್ಲಿ ಮೊದಲಾಗುತ್ತಿದ್ದ ಈ ಕೂಗು, ಸರ್ಕಾರಿ ಶಾಲೆಗಳಲ್ಲಿ 2007ರಿಂದ ಒಂದನೆಯ ತರಗತಿಗೇ ಇಳಿದಿದೆ. ಮಗುವಿಗೆ ತನ್ನ ಭಾಷೆಯ ನುಡಿಗಟ್ಟು ಬಲಿಯುವುದಕ್ಕೆ ಮುಂಚೆಯೇ ಗೂಟ ನೆಟ್ಟಾಗಿರುವುದು.

ಇದರ ಫಲವನ್ನು ನೋಡಿ. ‘ಸ್ನಾನ ತೆಗೆದುಕೊಂಡೆ’ ಎಂದು ಹುಡುಗ ಬರೆಯುತ್ತಾನೆ. ಅವನ ತಾಯಿ ನೀರು ಹುಯ್ದುಕೊಂಡವಳು, ತಂದೆ ಮಿಂದವನು. ‘ವಿಶ್ರಾಂತಿ ತೆಗೆದುಕೊಳ್ಳಿ’ ಎನ್ನುತ್ತಾರೆ. ‘ದಣಿವಾರಿಸಿಕೊಳ್ಳಿ’ ಎಂಬ ಹಸನಾದ ಮಾತು ಮೂಲೆಗೆ ಬಿತ್ತು. ‘ಆಸನ ತೆಗೆದುಕೊಳ್ಳಿ’ ಎಂದು ಸಭೆಗಳಲ್ಲಿ ಕೇಳಿದ್ದೇನೆ. ಅತಿಥಿಯು ಕುರ್ಚಿಯನ್ನು ಹೆಗಲ ಮೇಲೆ ಹೊತ್ತು ಮನೆಗೆ ಹೋದರೆ ಯಾರು ಹೊಣೆ? ಊರಿಗೆ ಹೊರಟ ಮಗನಿಗೆ ತಾಯಿ ‘ಜೋಪಾನ ಕಣಪ್ಪ’ ಎನ್ನುತ್ತಿದ್ದಳು. ಈಗ ಅದೇ ಮಗನು ದೂರವಾಣಿಯಲ್ಲಿ ತಾಯಿಗೆ ‘ಕಾಳಜಿ ತೆಗೆದುಕೊಳ್ಳಿ’ ಎಂದು ಬರೆಯುತ್ತಾನೆ. ಆಲೂಗೆಡ್ಡೆ ನಮ್ಮ ಹಾಸನದ ಸೀಮೆಯ ಮುಖ್ಯ ಬೆಳೆ. ರೈತನು ಅದನ್ನು ‘ಮೂರು ತಿಂಗಳ ಬೆಳೆ’ ಎನ್ನುವನು. ಪುಸ್ತಿಕೆಯಲ್ಲಿ ‘ಬೆಳೆಯು ಮೂರು ತಿಂಗಳು ಸಮಯವನ್ನು ತೆಗೆದುಕೊಳ್ಳುತ್ತದೆ’ ಎಂದು ಅಚ್ಚಾಗುವುದು. ಬೆಳೆ ಯಾರಿಂದ ತೆಗೆದುಕೊಂಡಿತು? ಯಾವಾಗ ಹಿಂದಕ್ಕೆ ಕೊಡುವುದು?

ಪರೀಕ್ಷೆಯ ವಿಚಾರವಂತೂ ಇನ್ನೂ ವಿಚಿತ್ರ. ‘ಪರೀಕ್ಷೆ ತೆಗೆದುಕೊಂಡರು’ ಎಂದರೆ ಬರೆದವರೋ ಬರೆಸಿದವರೋ? ‘ಪಾಠ ತೆಗೆದುಕೊಂಡರು’ ಎಂದರೆ ಹೇಳಿದವರೋ ಹೇಳಿಸಿಕೊಂಡವರೋ? ಕನ್ನಡದಲ್ಲಿ ‘ಪಾಠ ಹೇಳಿದರು’, ‘ಪಾಠ ಹೇಳಿಸಿಕೊಂಡರು’ ಎಂಬ ಎರಡು ಮಾತುಗಳು ಗುರುವನ್ನೂ ಶಿಷ್ಯನನ್ನೂ ಎದುರುಬದುರಾಗಿ ಕೂರಿಸಿದ್ದುವು. ‘ತೆಗೆದುಕೊಳ್ಳು’ ಬಂದು ಇಬ್ಬರನ್ನೂ ಒಂದೇ ಮಣೆಯ ಮೇಲೆ ತಳ್ಳಿತು. ಸ್ಪಷ್ಟವಾಗಿದ್ದುದನ್ನು ಅಸ್ಪಷ್ಟ ಮಾಡುವುದು ಭಾಷೆಯ ಅಭಿವೃದ್ಧಿಯೆನಿಸುವುದಾದರೆ, ಕನ್ನಡಕವನ್ನು ಒಡೆದುಹಾಕುವುದೂ ಕಣ್ಣಿನ ಚಿಕಿತ್ಸೆಯೇ ಸರಿ.

‘ಇದೆಲ್ಲ ವ್ಯಾಕರಣದ ಮೇಷ್ಟರ ಕೊರಗು, ಅರ್ಥವಾದರೆ ಸಾಲದೇ?’ ಎನ್ನುವವರಿದ್ದಾರೆ. ಅರ್ಥವಾಗುವುದಿಲ್ಲವೆಂಬುದೇ ನನ್ನ ಅಹವಾಲು. ಎರಡು ಸಂಗತಿಗಳನ್ನು ಹೇಳುತ್ತೇನೆ.

ಗೊರೂರಿನ ಬಳಿ ಹೇಮಾವತಿಗೆ ಕಟ್ಟಿದ ಅಣೆಕಟ್ಟು 1979ರಲ್ಲಿ ಮುಗಿಯಿತು. ಆ ಜಲಾಶಯದ ಮುಳುಗಡೆಯಲ್ಲಿ ಹೊಲಮನೆಗಳನ್ನು ಕಳೆದುಕೊಂಡ ಸಂಸಾರಗಳು ನಮ್ಮ ಜಿಲ್ಲೆಯಲ್ಲಿ ಅನೇಕ. ಹಾಗೆ ನೆಲ ಕಳೆದುಕೊಂಡವರ ಮಗನೊಬ್ಬ ಹೊಳೆನರಸೀಪುರದ ಕಡೆ ಎರಡು ಎಕರೆ ಮಾಡಿಕೊಂಡಿದ್ದನು. ಒಂದು ದಿನ ಅವನಿಗೆ ಕಚೇರಿಯೊಂದರಿಂದ ಕಾಗದ ಬಂತು: ಸದರಿ ಜಮೀನಿನ ವಿಷಯವನ್ನು ವಿಚಾರಣೆಗೆ ತೆಗೆದುಕೊಳ್ಳಲಾಗಿದೆ, ಎಂದು. ಇಂಗ್ಲಿಷಿನ ‘ಟೇಕನ್ ಅಪ್’ ಎಂಬುದರ ಪಡಿಯಚ್ಚು. ಅವನ ಕಣ್ಣಿಗೆ ಆ ಸಾಲಿನಲ್ಲಿ ಬಿದ್ದವು ಎರಡೇ ಶಬ್ದ: ಜಮೀನು, ತೆಗೆದುಕೊಳ್ಳಲಾಗಿದೆ. ರಾತ್ರಿಯಿಡೀ ಗಂಡಹೆಂಡಿರು ಕಣ್ಣು ಮುಚ್ಚಲಿಲ್ಲ. ಬೆಳಗಾಗುತ್ತಲೆ ಕಾಗದ ಹಿಡಿದು ನನ್ನ ಬಳಿಗೆ ಓಡಿಬಂದು, “ನಮ್ಮಪ್ಪಂದು ಹೊಳೆ ಪಾಲಾಯ್ತು, ಇದನ್ನೂ ತಗಂಡುಬುಟ್ರಾ ಮೇಷ್ಟ್ರೆ?” ಎಂದು ಕೇಳಿದನು. ‘ವಿಚಾರಣೆ ಮೊದಲಾಗಿದೆ’ ಎಂದು ಬರೆದಿದ್ದರೆ ಆ ಸಂಸಾರ ಒಂದು ರಾತ್ರಿ ನಿದ್ದೆ ಮಾಡುತ್ತಿತ್ತು. 1963ರ ರಾಜಭಾಷಾ ಅಧಿನಿಯಮವು ಕನ್ನಡವನ್ನು ಕಚೇರಿಗೆ ಕರೆತಂದಿತು, ಸಂತೋಷ. ಆದರೆ ರೈತನಿಗೆ ತಿಳಿಯಲೆಂದು ಕರೆತಂದ ಕನ್ನಡವು ಇಂಗ್ಲಿಷಿನ ಕರಡಿನ ನೆರಳಾಗಿ ನಿಂತರೆ, ರೈತನ ಪಾಲಿಗೆ ಕಚೇರಿ ಇನ್ನೂ ಪರಭಾಷೆಯಲ್ಲೇ ಇದೆ.

ಎರಡನೆಯದನ್ನು ಹೇಳುವುದು ನನಗೆ ಕಷ್ಟ. ನಮ್ಮ ಬೀದಿಯಲ್ಲಿ ಒಬ್ಬ ವೃದ್ಧೆಯಿದ್ದರು. ನನಗೆ ಎಳವೆಯಿಂದ ಅನ್ನವಿಕ್ಕಿದ ಕೈ ಅವರದು. ನಾವೆಲ್ಲ ‘ಅಜ್ಜಿ’ ಎಂದೇ ಕರೆಯುತ್ತಿದ್ದೆವು. ಅವರಿಗೆ ರಕ್ತದ ಒತ್ತಡ ಹೆಚ್ಚಾಗಿ, ಒಂದು ಚಿಕಿತ್ಸಾಲಯದಲ್ಲಿ ಮಾತ್ರೆ ಬರೆದುಕೊಟ್ಟರು. ಚೀಟಿಯ ಮೇಲೆ ಕನ್ನಡದಲ್ಲಿಯೇ ‘ಪ್ರತಿದಿನ ಒಂದು ತೆಗೆದುಕೊಳ್ಳಿ’ ಎಂದಿತ್ತು. ಅಜ್ಜಿಯ ಕನ್ನಡದಲ್ಲಿ, ನಮ್ಮೆಲ್ಲರ ಮನೆಯ ಕನ್ನಡದಲ್ಲಿ, ಅಂಗಡಿಯಿಂದ ‘ತಗೊಳ್ಳು’ವುದೆಂದರೆ ಕೊಂಡುಕೊಳ್ಳುವುದು. ತಿಂಗಳಿಗೊಮ್ಮೆ ಹೋದಾಗ ಅಲ್ಲಿಯವರು, “ಮಾತ್ರೆ ತಗೋತಾ ಇದ್ದೀರಾ?” ಎಂದು ಕೇಳುವರು. “ತಗಂಡಿದೀನಿ ಕಣಪ್ಪ, ತಿಂಗಳು ತಿಂಗಳೂ ತಗೋತಾ ಇದೀನಿ” ಎಂದು ಇವರು ಹೇಳುವರು. ಇಬ್ಬರೂ ಸತ್ಯವನ್ನೇ ನುಡಿದರು, ಇಬ್ಬರಿಗೂ ತೃಪ್ತಿಯಾಯಿತು. ನಾನೂ ಎರಡು ಸಾರಿ ಇದೇ ಪ್ರಶ್ನೆಯನ್ನು ಇದೇ ಮಾತಿನಲ್ಲಿ ಕೇಳಿ, ಇದೇ ಉತ್ತರ ಪಡೆದು, ಸುಮ್ಮನಾದೆ. ಐದನೆಯ ತಿಂಗಳು ಒಂದು ಮುಂಜಾನೆ ಅಜ್ಜಿಗೆ ಲಕ್ವ ಹೊಡೆದು ಬಲಗೈ ಸ್ವಾಧೀನ ತಪ್ಪಿತು. ಗೋಡೆಯ ಗೂಡಿನಲ್ಲಿ, ಕುಂಕುಮದ ಭರಣಿಯ ಪಕ್ಕದಲ್ಲಿ, ಐದು ತಿಂಗಳ ಮಾತ್ರೆಯ ಪಟ್ಟಿಗಳು ಒಂದರ ಮೇಲೊಂದು ಅಚ್ಚುಕಟ್ಟಾಗಿ ಇದ್ದುವು. ಆಮೇಲೆ ತೊದಲು ಮಾತಿನಲ್ಲಿ ಅವರು ಹೇಳಿದ್ದು: “ತಲೆ ಸುತ್ತಿದಾಗ ನುಂಗೋಣ ಅಂತ ಇಟ್ಟಿದ್ದೆ.”

ಆ ರೋಗಕ್ಕೆ ಒಂದು ಕ್ರಿಯಾಪದವೇ ಕಾರಣವೆನ್ನುವಷ್ಟು ಅವಿವೇಕಿ ನಾನಲ್ಲ. ವಯಸ್ಸಾಗಿತ್ತು, ಪಥ್ಯವಿರಲಿಲ್ಲ, ಮನೆಯಲ್ಲಿ ನೋಡಿಕೊಳ್ಳುವವರಿರಲಿಲ್ಲ. ಆದರೆ ‘ನುಂಗಿ’ ಎಂಬ ಎರಡಕ್ಷರದ ಮಾತು ಕನ್ನಡದಲ್ಲಿ ಶತಮಾನಗಳಿಂದ ಕಾದು ಕುಳಿತಿದ್ದಿತು. ಅದನ್ನು ಯಾರೂ ಕರೆಯಲಿಲ್ಲ. ಚೀಟಿ ಬರೆದವನು ನನ್ನ ಶಿಷ್ಯನಲ್ಲದಿರಬಹುದು. ನನ್ನಂಥ ಮೇಷ್ಟರ ಶಿಷ್ಯನಾಗಿದ್ದುದರಲ್ಲಿ ಸಂದೇಹವಿಲ್ಲ. ಕರಿಹಲಗೆಯ ಬಲಗಡೆ ನಾನು ಬರೆದ ಶಬ್ದವೇ ಆ ಗೂಡಿನವರೆಗೂ ನಡೆದುಹೋಗಿ ಅಲ್ಲಿ ಕುಳಿತಿತ್ತು.

ಈಗ ಎದುರಾಳಿಗಳ ಎರಡನೆಯ ವಾದ: ಭಾಷೆ ಹರಿಯುವ ನೀರು, ಪರಭಾಷೆಯಿಂದ ಬರುವುದನ್ನು ತಡೆಯಬಾರದು, ತಡೆಯುವವನು ಮಡಿವಂತ. ನಾನು ತಡೆಯುವವನಲ್ಲ. ಅರ್ಜಿ, ಜಮೀನು ಎಂಬುವು ಪಾರಸಿ, ಅರಬ್ಬಿಗಳ ದಾರಿಯಿಂದ ಬಂದುವು; ಬಸ್ಸು, ರೈಲು, ಫೋಟೋಗಳು ಇಂಗ್ಲಿಷಿನಿಂದ ಬಂದುವು; ಬರಲಿ. ಆದರೆ ಅವು ಬಂದ ಬಗೆಯನ್ನು ನೋಡಿ. ನಮ್ಮ ಜನರು ಅರ್ಜಿಯನ್ನು ‘ಹಾಕಿ’ದರು, ಬಸ್ಸನ್ನು ‘ಹಿಡಿ’ದರು, ಫೋಟೋವನ್ನು ‘ತೆಗೆ’ದರು, ಆಟೋವನ್ನು ‘ಮಾಡಿಕೊಂಡು’ ಬಂದರು, ಬ್ಯಾಂಕಿನಲ್ಲಿ ಸಾಲ ‘ಎತ್ತಿ’ದರು, ರಜೆಯನ್ನು ‘ಹಾಕಿ’ದರು. ಈ ಪೈಕಿ ಬಹುಮಟ್ಟಿಗೆ ಎಲ್ಲಕ್ಕೂ ಇಂಗ್ಲಿಷಿನವನು ‘ಟೇಕ್’ ಎಂಬುದನ್ನೇ ಹೇಳಬಲ್ಲನು. ಒಬ್ಬ ಪಂಡಿತನ ಸಹಾಯವೂ ಇಲ್ಲದೆ, ಸಂತೆಯಲ್ಲಿ, ಬಸ್‌ ನಿಲ್ದಾಣದಲ್ಲಿ, ರಾಮನಾಥಪುರದ ಹೊಗೆಸೊಪ್ಪಿನ ಹರಾಜುಕಟ್ಟೆಯಲ್ಲಿ ನಿಂತ ಜನರು ಒಂದೊಂದಕ್ಕೆ ಒಂದೊಂದು ಕ್ರಿಯಾಪದವನ್ನು ಆರಿಸಿಕೊಂಡರು. ಅವರು ಹೊರಗಿನ ನಾಮಪದಕ್ಕೆ ಮಣೆ ಹಾಕಿದರು. ಮನೆಯ ಯಜಮಾನಿಕೆಯನ್ನು ಮಾತ್ರ ತಮ್ಮ ಕ್ರಿಯಾಪದದ ಕೈಯಲ್ಲೇ ಇಟ್ಟರು. ನಾಮಪದವು ನೆಂಟ, ಕ್ರಿಯಾಪದವು ಒಡತಿ. ನೆಂಟರು ಎಷ್ಟು ಬಂದರೂ ಮನೆ ಮನೆಯಾಗಿಯೇ ಇರುವುದು. ಒಡತಿಯ ಸೆರಗಿನ ಬೀಗದಕೈಯನ್ನು ಪರರಿಗೆ ಕೊಟ್ಟ ದಿನ ಅದು ಛತ್ರವಾಗುವುದು. ಓದದವರು ಮಾಡದ ಈ ತಪ್ಪನ್ನು ಮಾಡುತ್ತಿರುವವರು ಓದಿದ ನಾವು.

ಮೂರನೆಯ ವಾದವು ಪಾರಿಭಾಷಿಕರದು: ಒಂದು ಇಂಗ್ಲಿಷು ಶಬ್ದಕ್ಕೆ ಒಂದೇ ಕನ್ನಡ ಶಬ್ದ ಗೊತ್ತಾಗಿದ್ದರೆ ಶಾಸ್ತ್ರಗ್ರಂಥಗಳಲ್ಲಿ ಗೊಂದಲವಿಲ್ಲ, ಎಂದು. ಆಮ್ಲಜನಕ, ಗುರುತ್ವಾಕರ್ಷಣ ಮೊದಲಾದ ನಾಮಪದಗಳ ಮಟ್ಟಿಗೆ ಇದು ಸಾಧುವಾದ ನಿಯಮ. ಆದರೆ ಆ ನಿಯಮವನ್ನು ‘ಟೇಕ್’, ‘ಗಿವ್’, ‘ಗೆಟ್’ ಎಂಬ ಮನೆಬಳಕೆಯ ಕ್ರಿಯಾಪದಗಳಿಗೆ ಹಚ್ಚುವುದು, ಔಷಧದ ತಕ್ಕಡಿಯಲ್ಲಿ ಸೌದೆ ತೂಗಿದಂತೆ. ಇಂಥ ಕ್ರಿಯಾಪದಕ್ಕೆ ಸ್ವತಂತ್ರವಾದ ಅರ್ಥವು ಸ್ವಲ್ಪ. ಪಕ್ಕದ ಪದದ ಬಣ್ಣವನ್ನು ಪಡೆದು ಅದು ಅರ್ಥವಾಗುವುದು. ಆದುದರಿಂದ ಭಾಷಾಂತರಿಸಬೇಕಾದುದು ಶಬ್ದವನ್ನಲ್ಲ, ಜೋಡಿಯನ್ನು. ಬೆಂಕಿ ‘ಟೇಕ್’ ಮಾಡಿದರೆ ನಮ್ಮಲ್ಲಿ ಹೊತ್ತಿಕೊಳ್ಳುವುದು, ಗಿಡದ ಬೇರು ಊರುವುದು, ವಿಮಾನ ಮೇಲೇಳುವುದು, ಮಗು ಅಜ್ಜಿಯನ್ನು ಹಚ್ಚಿಕೊಳ್ಳುವುದು, ಮಗಳಿಗೆ ತಾಯಿಯ ಚಹರೆ ಬೀಳುವುದು, ಅಂಗಿಯನ್ನು ಕಳಚುವೆವು, ಧೈರ್ಯವನ್ನು ತಂದುಕೊಳ್ಳುವೆವು, ನೆಂಟರನ್ನು ಬೀಳ್ಕೊಳ್ಳುವೆವು. ಒಂದು ‘ಟೇಕ್’ಗೆ ಎಂಟು ಕನ್ನಡ. ಇದು ಬಡತನದ ಲಕ್ಷಣವೇ, ವಾಚಕರೇ ಹೇಳಲಿ.

ಈ ಎಂಟರಲ್ಲಿ ನಾಲ್ಕರ ಬಾಲದಲ್ಲಿ ‘ಕೊಳ್ಳು’ ಇರುವುದನ್ನು ವಾಚಕರು ಗಮನಿಸಿರಬಹುದು. ಹೊತ್ತಿಕೊಳ್ಳು, ಹಚ್ಚಿಕೊಳ್ಳು, ತಂದುಕೊಳ್ಳು, ಬೀಳ್ಕೊಳ್ಳು. ‘ಕೊಳ್’ ಎಂಬುದೇ ನಮ್ಮ ಹಳೆಯ ‘ಟೇಕ್’. ಅದು ತಾನೇ ತಾನಾಗಿ ಮೆರೆಯದೆ, ಮತ್ತೊಂದು ಕ್ರಿಯೆಯ ಬೆನ್ನಿಗೆ ನಿಂತು, ಮಾಡಿದ ಕೆಲಸದ ಫಲವು ಮಾಡಿದವನಿಗೇ ಸೇರಿತೆಂಬ ಸೂಕ್ಷ್ಮವನ್ನು ತಿಳಿಸುವುದು. ‘ಅಡಿಗೆ ಮಾಡಿದಳು’ ಬೇರೆ, ‘ಅಡಿಗೆ ಮಾಡಿಕೊಂಡಳು’ ಬೇರೆ. ಸಂಸ್ಕೃತದಲ್ಲಿ ಆತ್ಮನೇಪದವೆಂದು ಧಾತುರೂಪಗಳನ್ನೇ ಬೇರೆ ಮಾಡಿ ಸಾಧಿಸಿದುದನ್ನು ಕನ್ನಡವು ಈ ಒಂದು ಶಬ್ದದಿಂದ ಸಾಧಿಸಿತು. ಇಂಥ ಸೂಕ್ಷ್ಮಯಂತ್ರ ಕೈಯಲ್ಲಿರುವವನು ‘ತೆಗೆದುಕೊಳ್ಳು’ ಎಂಬ ಒಂದೇ ಹಾರೆಯಿಂದ ಗಡಿಯಾರವನ್ನೂ ರಿಪೇರಿ ಮಾಡಹೊರಟರೆ ಏನೆನ್ನೋಣ!

ದೂರ ಹೋಗಬೇಡಿ. ಚನ್ನರಾಯಪಟ್ಟಣದಿಂದ ಶ್ರವಣಬೆಳಗೊಳಕ್ಕೆ ಹೋಗಿ ಚಿಕ್ಕಬೆಟ್ಟವನ್ನು ಹತ್ತಿ. ಬಂಡೆಯ ಮೇಲೆ ಏಳನೆಯ ಶತಮಾನದ ಶಾಸನಗಳಿವೆ. ರೈಸರು 1889ರಲ್ಲಿಯೂ, ಆರ್. ನರಸಿಂಹಾಚಾರ್ಯರು 1923ರ ಪರಿಷ್ಕೃತ ಆವೃತ್ತಿಯಲ್ಲಿಯೂ ಅವುಗಳನ್ನು ಅಚ್ಚುಮಾಡಿಸಿದರು. ಅನ್ನನೀರು ಬಿಟ್ಟು ದೇಹವನ್ನು ಮುಗಿಸಿದ ಜೈನಮುನಿಗಳ ಹೆಸರುಗಳು ಅಲ್ಲಿವೆ. ಇಂಗ್ಲಿಷಿನವನು ವ್ರತವನ್ನು ‘ಟೇಕ್’ ಮಾಡುವನು. ಇಂದಿನ ನಾವು ‘ವ್ರತ ತೆಗೆದುಕೊಂಡರು’ ಎನ್ನುವೆವು. ಆ ಶಾಸನಗಳನ್ನು ಕಡೆದವನು ‘ನೋನ್ತು’ ಎಂದನು, ‘ಮುಡಿಪ್ಪಿದರ್’ ಎಂದನು. ವ್ರತ ಹಿಡಿದುದಕ್ಕೆ ಒಂದು ಮಾತು, ಮುಗಿಸಿದುದಕ್ಕೆ ಒಂದು ಮಾತು. ಕಲ್ಲಿನಲ್ಲಿ ಕೊರೆಯುವವನಿಗೆ ಅಕ್ಷರಕ್ಕೊಂದು ಪೆಟ್ಟು ದಂಡ. ಅವನು ಶಬ್ದವನ್ನು ತೂಗಿ ಬಳಸಿದನು. ಬೆರಳ ತುದಿಯಲ್ಲಿ ಬರೆಯುವ ನಮಗೆ ದಂಡವಿಲ್ಲ. ಆದುದರಿಂದ ತೂಕವೂ ಇಲ್ಲ.

ಕೆಲವರು, ‘ಇನ್ನು ಮುಂದೆ ಭಾಷಾಂತರವನ್ನು ಯಂತ್ರವೇ ಮಾಡುವುದು, ಮೇಷ್ಟರಿಗೇಕೆ ಚಿಂತೆ?’ ಎನ್ನುತ್ತಾರೆ. ಯಂತ್ರಕ್ಕೆ ಗುರು ಯಾರು? ನಾವು ಬರೆದುದನ್ನೇ ಓದಿ ಅದು ಕಲಿಯುವುದಂತೆ. ಹಾಗಾದರೆ ನಾವು ‘ಕಾಳಜಿ ತೆಗೆದುಕೊಳ್ಳಿ’ ಎಂದು ಬರೆದಷ್ಟೂ ಅದು ನಮ್ಮ ಮೊಮ್ಮಕ್ಕಳಿಗೆ ಅದನ್ನೇ ಒಪ್ಪಿಸುವುದು. ನನ್ನ ಕರಿಹಲಗೆಯ ತಪ್ಪು ಒಂದು ತರಗತಿಯ ಮಕ್ಕಳಿಗೆ ತಗುಲಿತು; ಇದು ಊರಿಗೆಲ್ಲ ತಗುಲುವುದು. ಚಿಂತೆ ಹೆಚ್ಚಾಗಬೇಕಾದುದು ಈಗಲೇ.

‘ತೆಗೆದುಕೊಳ್ಳು’ ಎಂಬ ಶಬ್ದವನ್ನೇ ಬಹಿಷ್ಕರಿಸಿ ಎಂದು ನಾನು ಹೇಳುತ್ತಿಲ್ಲ. ದುಡ್ಡು ತೆಗೆದುಕೊಳ್ಳಿ, ಸೀರೆ ತೆಗೆದುಕೊಳ್ಳಿ, ಮೇಲಿನ ಅಟ್ಟದಿಂದ ಪುಸ್ತಕ ತೆಗೆದುಕೊಳ್ಳಿ. ಅದು ಅದರ ಸ್ವಂತ ಜಮೀನು. ‘ನಿರ್ಧಾರ ತೆಗೆದುಕೊಳ್ಳು’ ಎಂಬುದು ಎಷ್ಟೋ ಬಾಯಿಗಳಲ್ಲಿ ಊರಿಬಿಟ್ಟಿದೆ. ಅದನ್ನು ಕಿತ್ತುಹಾಕುವ ಹಟ ನನಗಿಲ್ಲ. ‘ನಿಶ್ಚಯಿಸಿದರು’ ಎಂದು ನಾನು ಬರೆಯುತ್ತೇನೆ, ಅಷ್ಟೆ. ನಾನು ಬೇಡುವುದು ಮೂರು ಮಾತ್ರ.

ಒಂದು: ಶಾಲೆಯಲ್ಲಿ ಇಂಗ್ಲಿಷು ಕಲಿಸುವ ಉಪಾಧ್ಯಾಯರು ಇಂಥ ಕ್ರಿಯಾಪದಕ್ಕೆ ಬಿಡಿಶಬ್ದದ ಅರ್ಥ ಬರೆಸಬಾರದು, ಐದು ವಾಕ್ಯ ಕೊಟ್ಟು, ‘ನಿಮ್ಮ ಅಜ್ಜಿ ಇದನ್ನು ಹೇಗೆ ಹೇಳುವರು?’ ಎಂದು ಮಕ್ಕಳನ್ನೇ ಕೇಳಬೇಕು. ಎರಡು: ಔಷಧದ ಚೀಟಿಯ ಮೇಲೂ ಕಚೇರಿಯ ಕಾಗದದ ಮೇಲೂ ‘ತೆಗೆದುಕೊಳ್ಳು’ ಬರುವ ಕಡೆಯಲ್ಲೆಲ್ಲ ಬರೆಯುವವರು ಒಂದು ಕ್ಷಣ ನಿಲ್ಲಬೇಕು. ಮಾತ್ರೆಯನ್ನು ನುಂಗಿ, ಕಷಾಯವನ್ನು ಕುಡಿಯಿರಿ, ಮುಲಾಮನ್ನು ಹಚ್ಚಿ, ಕಣ್ಣಿಗೆ ಹನಿ ಬಿಡಿ. ಕನ್ನಡದಲ್ಲಿ ಇವು ನಾಲ್ಕು ಕೆಲಸ, ನಾಲ್ಕು ಮಾತು. ಮೂರು: ನಮ್ಮ ಜಿಲ್ಲೆಯ ಸಾಹಿತ್ಯಾಭಿಮಾನಿಗಳು ಹಾಸನ, ಹೊಳೆನರಸೀಪುರ, ಅರಕಲಗೂಡು, ಚನ್ನರಾಯಪಟ್ಟಣದ ಹಳ್ಳಿಗಳಲ್ಲಿ ಹಿರಿಯರ ಬಾಯಲ್ಲಿ ಇನ್ನೂ ಉಳಿದಿರುವ ಕ್ರಿಯಾಪದಗಳ ಬಳಕೆಯನ್ನು ವಾಕ್ಯಸಹಿತ ಬರೆದಿಡಬೇಕು. ಇದಕ್ಕೆ ಹಣ ಬೇಡ. ಒಂದು ಜಗಲಿ, ಒಂದು ಪುಸ್ತಕ, ಕೇಳುವ ಕಿವಿ ಸಾಕು.

ಉಪನ್ಯಾಸ ಮಾಡಿದ ತರುಣ ಮಿತ್ರರಲ್ಲಿ ನನಗೆ ಅಸಮಾಧಾನವಿಲ್ಲ. ಕನ್ನಡಕ್ಕೆ ಶಕ್ತಿಯಿಲ್ಲವೆಂದು ಅವರಿಗೆ ತೋರಿದ್ದರೆ, ಅದರ ಶಕ್ತಿಯನ್ನು ತೋರಿಸಬೇಕಾಗಿದ್ದ ನಾವು ತೋರಿಸಲಿಲ್ಲ. ಅಜ್ಜಿ ಈಗಲೂ ಇದ್ದಾರೆ. ಎಡಗೈಯಿಂದ ಉಣ್ಣುವುದನ್ನು ಕಲಿತಿದ್ದಾರೆ. ದಿನವೂ ಬೆಳಗ್ಗೆ ಹಾಲು ತರಲು ಹೋದಾಗ ನಾನು ಅವರ ಬಾಗಿಲಲ್ಲಿ ನಿಂತು, “ಮಾತ್ರೆ ನುಂಗಿದ್ರಾ ಅಜ್ಜಿ?” ಎಂದು ಕೇಳುತ್ತೇನೆ. “ನುಂಗಿದೆ ಕಣಪ್ಪ” ಎನ್ನುತ್ತಾರೆ. ಆ ಉತ್ತರದಲ್ಲಿ ಎರಡರ್ಥವಿಲ್ಲ. ಇಷ್ಟನ್ನು ಸಹೃದಯರು ವಿಚಾರಮಾಡಿ ನೋಡಬೇಕೆಂದು ಪ್ರಾರ್ಥನೆ.